ಬೀರಲಿಂಗಪ್ಪನಿಗೆ ಕೊಡದ ಪಾಸ್

೬ ಜನವರಿ ೧೯೮೦, ಭಾನುವಾರ

ದಾವಣಗೆರೆಯ ಜವಳಿ ಏಜೆಂಟರು ಪ್ರತಿವರ್ಷ ಅಂಗಡಿಗೊಂದು ಡೈರಿ ಕೊಡುತ್ತಾರೆ. ಪ್ರತಿವರ್ಷ ಕಸ್ತೂರಿ ಅದರಲ್ಲಿ ರಂಗೋಲಿಯ ಚುಕ್ಕಿ ಇಟ್ಟು ಮುಗಿಸುತ್ತಾಳೆ. ಈ ಸಲ ಹೆಂಡತಿಯ ಕೈಗೆ ಸಿಗದ ಹಾಗೆ ನಾನೇ ಇಟ್ಟುಕೊಂಡೆ. ಇವತ್ತು ಆದದ್ದನ್ನು ಊರಿನಲ್ಲಿ ಯಾರ ಹತ್ತಿರವೂ ಹೇಳುವ ಹಾಗಿಲ್ಲ. ಹೇಳಿದರೆ ಜವಳಿ ಅಂಗಡಿ ಪಂಚಾಕ್ಷರಪ್ಪನಿಗೆ ಹೊಟ್ಟೆಕಿಚ್ಚು ಎಂದುಬಿಡುತ್ತಾರೆ. ಹೊಟ್ಟೆಕಿಚ್ಚು ಹೌದು. ಆದರೆ ಅದು ನನ್ನ ಹೊಟ್ಟೆ, ಊರಿನದ್ದಲ್ಲ.

ಬೆಳಿಗ್ಗೆ ಬಾಸ್ಕೆಟ್‌ಬಾಲ್ ಕ್ಲಬ್ಬಿನ ಸಭೆ. ಅಧ್ಯಕ್ಷರಾದ ಅಡಿಕೆ ಮಂಡಿ ಮುರುಗೇಶಪ್ಪನವರು ಬೆಂಗಳೂರಿಗೆ ಹೋಗಿ ಬಂದ ಸಂಭ್ರಮದಲ್ಲಿ ಕುರ್ಚಿಯ ಮೇಲೆ ಕೂರಲೇ ಇಲ್ಲ. ಫಿಲಿಪ್ಪೀನ್ಸ್ ದೇಶದ ಮನಿಲಾದಿಂದ ಒಂದು ತಂಡ ಬರುತ್ತಿದೆಯಂತೆ. ಬಾಸ್ಕೆಟ್‌ಬಾಲ್ ಆಡುವುದೇ ಅವರ ಕಸುಬು, ಬೇರೆ ಕೆಲಸವಿಲ್ಲ. ಮದ್ರಾಸು, ಬೆಂಗಳೂರು ಎಂದು ಸುತ್ತಿ ಪ್ರದರ್ಶನ ಪಂದ್ಯ ಆಡುತ್ತಾರೆ. ಬೆಂಗಳೂರಿನಿಂದ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುವಾಗ ಫೆಬ್ರವರಿ ಹತ್ತರಂದು ಚನ್ನಗಿರಿಯಲ್ಲಿ ಇಳಿದು ನಮ್ಮ ಕ್ಲಬ್ಬಿನ ಜೊತೆ ಒಂದು ಪಂದ್ಯ. ಯಾರ ಕೈಕಾಲು ಹಿಡಿದರೋ, ಒಪ್ಪಿಸಿಕೊಂಡು ಬಂದಿದ್ದಾರೆ.

ಈ ಕ್ಲಬ್ಬಿಗೆ ಕಂಬ ನೆಟ್ಟವನು ನಾನು. ನೆಟ್ಟ ದಿನದಿಂದ ಕ್ಯಾಪ್ಟನ್ ನಾನು. ವಯಸ್ಸು ನಲವತ್ತರ ಹತ್ತಿರ ಬಂತು, ಮೊಣಕಾಲು ಆಗಾಗ ನೆನಪಿಸುತ್ತದೆ. ಫಾರಿನ್ ತಂಡದ ಕ್ಯಾಪ್ಟನ್ನಿನ ಕೈಕುಲುಕಿ ನಿಲ್ಲುವ ಒಂದು ದಿನ ದೇವರು ನನಗಾಗಿ ಇಟ್ಟಿದ್ದನಲ್ಲ ಎಂದು ಕಣ್ಣು ತುಂಬಿತ್ತು. ಅಷ್ಟರಲ್ಲಿ ಮುರುಗೇಶಪ್ಪನವರು ಹೇಳಿದರು, "ಕ್ಯಾಪ್ಟನ್ ನಮ್ಮ ಬೀರಲಿಂಗಪ್ಪ ಆಗ್ಲಿ. ಪಂಚಾಕ್ಷರಿ, ಬೇಜಾರು ಮಾಡ್ಕಬ್ಯಾಡ. ಫಾರಿನ್ನೋರು ತೆಂಗಿನಮರ ಇದ್ದಂಗೆ ಇರ್ತಾರೆ. ಅವ್ರ ಪಕ್ಕ ನಿಂತ್ರೆ ಫೋಟೋದಾಗೆ ನಮ್ಮೋನೂ ಕಾಣ್ಬೇಕಲ್ಲ."

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಈ ಬೀರಲಿಂಗಪ್ಪ ಕರೆಂಟ್ ಆಫೀಸಿನ ಲೈನ್‌ಮನ್. ಜಗಳೂರು ತಾಲ್ಲೂಕಿನ ಬಿಳಿಚೋಡಿನವನು, ಕುರಿ ಕಾಯುವ ಮನೆತನ. ವರ್ಗವಾಗಿ ಇಲ್ಲಿಗೆ ಬಂದು ಇನ್ನೂ ಎರಡು ಯುಗಾದಿ ಆಗಿಲ್ಲ. ಬೀದಿದೀಪ ಹಾಕಲು ಅವನಿಗೆ ಏಣಿ ಬೇಡ ಎಂದು ಊರಿನವರು ತಮಾಷೆ ಮಾಡುತ್ತಾರೆ. ಕಂಬ ಹತ್ತುವ ಕಂಬ. ಉದ್ದ ಬಿಟ್ಟರೆ ಅವನಲ್ಲಿ ಏನಿದೆ?

೯ ಜನವರಿ

ಊಟಕ್ಕೆ ಕೂತಾಗ ಕಸ್ತೂರಿ ಕೇಳಿದಳು, "ಏನ್ರೀ, ಎರಡು ದಿನದಿಂದ ರೊಟ್ಟಿ ಮೇಲೆ ಸಿಟ್ಟು ತೀರಿಸ್ಕಂತಿದೀರಿ?"

"ಏನಿಲ್ಲ."

"ಆ ಲೈನ್‌ಮನ್ನು ಕ್ಯಾಪ್ಟನ್ ಆದ್ನಂತೆ. ಪಕ್ಕದ್ಮನೆ ಬಂಗಾರಮ್ಮ ನೀರಿಗೆ ಬಂದಾಗ ಹೇಳಿದ್ಲು."

ಊರಿನ ನಲ್ಲಿಯಲ್ಲಿ ನೀರು ಬರುವ ಮುಂಚೆ ಸುದ್ದಿ ಬರುತ್ತದೆ. ನಾನು ಇನ್ನೊಂದು ರೊಟ್ಟಿ ಮುರಿದೆ. ಅವಳೇ ಮುಂದುವರಿಸಿದಳು, "ಅಂವ ಉದ್ದ ಅದಾನೆ, ನೀವು ಗಿಡ್ಡ ಅದೀರಿ. ಇದು ಯಾರ ತಪ್ಪೂ ಅಲ್ಲ ಕಣ್ರಿ."

ಮಜ್ಜಿಗೆ ಕುಡಿಯದೆ ಎದ್ದೆ.

೧೩ ಜನವರಿ, ಭಾನುವಾರ

ಹೈಸ್ಕೂಲು ಮೈದಾನದಲ್ಲಿ ಪ್ರಾಕ್ಟೀಸು. ಚೆಂಡು ನನ್ನ ಕೈಯಲ್ಲಿತ್ತು. ನಮ್ಮ ಕಂಬ, ಬೀರಲಿಂಗಪ್ಪ, ರಿಂಗಿನ ಕೆಳಗೆ ಒಬ್ಬನೇ ನಿಂತು ಕೈ ಎತ್ತಿದ್ದ. ಮಗುವಿಗೆ ಕೂಡ ಕಾಣುವಂತಿತ್ತು. ನಾನು ಕೊಡಲಿಲ್ಲ. ದೂರದಿಂದ ನಾನೇ ಎಸೆದೆ. ಬೋರ್ಡಿಗೆ ಬಡಿದು ಚೆಂಡು ಬೇಲಿಯಾಚೆ ಹೋಯಿತು.

"ಅಣ್ಣಾರೆ, ನಾ ಖಾಲಿ ಇದ್ದೆ," ಎಂದ. "ಕಾಣಲಿಲ್ಲ," ಎಂದೆ.

ಅವನನ್ನು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಅಣ್ಣಾರೆ ಎಂದು ಕರೆಯುವುದು ಬೇರೆ. ಮರ್ಯಾದೆಗೆ ಕರೆದರೂ ವಯಸ್ಸಾಯಿತು ಎಂದ ಹಾಗೆಯೇ ಕೇಳಿಸುತ್ತದೆ.

ಆಮೇಲೆ ಇಬ್ಬರೂ ಒಟ್ಟಿಗೆ ಹಾರಿದೆವು. ಇಷ್ಟಲಿಂಗದ ಬೆಳ್ಳಿಯ ಕರಡಿಗೆಯನ್ನು ಬೆನ್ನಿಗೆ ಸರಿಸಿಕೊಂಡು ಆಡುವುದು ನನ್ನ ರೂಢಿ. ಇಳಿಯುತ್ತ ಅವನು ಚೆಂಡಿಗೆ ಬಗ್ಗಿದಾಗ ಅದು ಮುಂದಕ್ಕೆ ತೂಗಿ ಬಂದು ಅವನ ಗದ್ದಕ್ಕೆ ಬಡಿದು ತುಟಿ ಒಡೆಯಿತು. ರಕ್ತ ಒರೆಸಿಕೊಂಡು, "ಅದಕ್ಕೆ ಏನೂ ಆಗ್ಲಿಲ್ಲ ತಾನೆ?" ಎಂದು ಕರಡಿಗೆಯ ಕಡೆ ನೋಡಿದ. ಒಳ್ಳೆಯವನ ವೇಷ ಹಾಕುವುದರಲ್ಲೂ ನನಗಿಂತ ಮುಂದೆ.

೧೭ ಜನವರಿ

ಕರೆಂಟ್ ಆಫೀಸಿನ ಸಾಹೇಬರಾದ ಮಹೇಶ್ವರಪ್ಪನವರು ಮಗಳ ಮದುವೆಗೆ ಸೀರೆ ತೆಗೆಯಲು ಬಂದಿದ್ದರು. ಒಳ್ಳೆಯ ಧರ್ಮಾವರಂ ಸೀರೆ ಬಿಚ್ಚಿ ತೋರಿಸುತ್ತ, ಮಾತಿಗೆ ಮಾತು ಬಂದು, ಮೆಲ್ಲಗೆ ಹೇಳಿದೆ, "ನಿಮ್ಮ ಬೀರಲಿಂಗಪ್ಪನ್ನ ಬ್ಯಾರೆ ಕಡೆ ಹಾಕಿದ್ರೆ ಒಳ್ಳೇದು ಸಾಹೇಬ್ರೆ. ಆಟ ಆಟ ಅಂತ ಡ್ಯೂಟಿ ಕಡೆ ಗಮನ ಇಲ್ಲ."

"ಹೌದಾ?" ಎಂದು ಸೀರೆಯ ಸೆರಗು ಬೆಳಕಿಗೆ ಹಿಡಿದರು. "ನ್ಯಾಮತಿಗೆ ಒಬ್ರು ಬೇಕು ಅಂತಿದ್ರು. ನೋಡಾಣ."

ಅಷ್ಟೇ ಮಾತು. ಫೆಬ್ರವರಿ ಹತ್ತರೊಳಗೆ ಆರ್ಡರ್ ಬಂದರೆ ಕುಕ್ಕುವಾಡೇಶ್ವರಿಗೆ ಹಣ್ಣುಕಾಯಿ.

೨೨ ಜನವರಿ

ತಂಡದ ಬನಿಯನ್ನುಗಳಿಗೆ ಬಟ್ಟೆ ನನ್ನ ಅಂಗಡಿಯದ್ದೇ. ಹಳದಿ ಪಾಪ್ಲಿನ್. ಬೀರಲಿಂಗಪ್ಪನ ತುಂಡು ಕತ್ತರಿಸುವಾಗ ಕತ್ತರಿ ತಾನಾಗಿಯೇ ಒಂದು ಗೇಣು ಮೇಲೆ ಓಡಿತು. ಕತ್ತರಿಯನ್ನು ನಾನು ತಡೆಯಲಿಲ್ಲ. ದರ್ಜಿ ದುರುಗಣ್ಣ ಕೈಯಲ್ಲಿ ಹಿಡಿದು ನೋಡಿ, "ಇದು ಯಾವ ಹುಡುಗಂದು ಯಜಮಾನ್ರೆ?" ಎಂದ. "ಕೊಟ್ಟಷ್ಟ್ರಾಗೆ ಹೊಲಿ," ಎಂದೆ.

೨೭ ಜನವರಿ, ಭಾನುವಾರ

ನಕ್ಕು ನಕ್ಕು ಸಾಕಾಯಿತು. ಕಂಬ ಕೈ ಎತ್ತಿದಾಗಲೆಲ್ಲ ಹೊಕ್ಕಳು ದರ್ಶನ. ನೋಡಲು ಬಂದಿದ್ದ ಹೈಸ್ಕೂಲು ಹುಡುಗಿಯರು ಮುಖ ಮುಚ್ಚಿಕೊಂಡು ಓಡಿದರು. ಅವನು ಎಳೆದು ಎಳೆದು ಚಡ್ಡಿಯೊಳಗೆ ಸಿಕ್ಕಿಸಿಕೊಳ್ಳುತ್ತಿದ್ದ, ಅದು ಮತ್ತೆ ಮೇಲೆ ಬರುತ್ತಿತ್ತು. ಬಟ್ಟೆ ಯಾರದ್ದು ಎಂದು ಒಮ್ಮೆಯೂ ಕೇಳಲಿಲ್ಲ.

ನಗುವಿನ ಭರದಲ್ಲಿ ನಾನೇ ಕಾಲು ಮಡಚಿ ಬಿದ್ದೆ. ಕಣಕಾಲು ಬದನೆಕಾಯಿಯ ಹಾಗೆ ಊದಿತು. ಯಾರೂ ಮುಂದೆ ಬರುವ ಮುಂಚೆ ಅವನೇ ಬಂದು ಎತ್ತಿ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂರಿಸಿದ. ಇಡೀ ಬಜಾರು ನೋಡುವಂತೆ, ಹೆಣ್ಣು ಕೊಟ್ಟ ಮನೆಗೆ ಹಬ್ಬಕ್ಕೆ ಹೊರಟ ಮಾವನ ಹಾಗೆ ನಾನು ಹಿಂದೆ ಕೂತಿದ್ದೆ. ಇದಕ್ಕಿಂತ ಅವನು ನನ್ನನ್ನು ಬೈದಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ಕಸ್ತೂರಿ ಅವನಿಗೆ ರೊಟ್ಟಿ, ಎಣ್ಣೆಗಾಯಿ ಬಡಿಸಿದಳು. ನನಗೆ ಬಡಿಸುವಾಗ ಇಲ್ಲದ ಕೈ ಅವನಿಗೆ ಬಡಿಸುವಾಗ ಎಲ್ಲಿಂದ ಬಂತು? ತಿಂದಾದ ಮೇಲೆ ಅವನು ಸಂಕೋಚದಿಂದ, "ಅಕ್ಕಾರೆ, ಸೂಜಿ ದಾರ ಇದ್ರೆ ಕೊಡ್ರಿ. ಹಳೇ ಪಂಚೆ ಹರ್ದು ಈ ಬನೀನಿಗೆ ಒಂದು ಪಟ್ಟಿ ಹಚ್ಕಂತೀನಿ," ಎಂದ. ಹಳದಿ ಪಾಪ್ಲಿನ್ನಿಗೆ ಬಿಳಿ ಪಂಚೆಯ ಪಟ್ಟಿ. ಅದೂ ಬೇರೆ ದೇಶದವರ ಮುಂದೆ.

ಬನಿಯನ್ನು ಅವನ ಕೈಯಿಂದ ಕಿತ್ತುಕೊಂಡೆ.

೩೦ ಜನವರಿ

ದುರುಗಣ್ಣನಿಗೆ ಹೇಳಿ ಅದೇ ಥಾನಿನ ಬಟ್ಟೆಯಲ್ಲಿ ಹೊಸದಾಗಿ ಹೊಲಿಸಿದೆ. ಈ ಸಲ ಉದ್ದ ಒಂದು ಗೇಣು ಹೆಚ್ಚೇ ಇರಲಿ ಎಂದೆ. ಇದು ಅವನ ಮೇಲಿನ ಪ್ರೀತಿಗಲ್ಲ. ಹಳದಿಗೆ ಬಿಳಿ ಪಟ್ಟಿ ಹಚ್ಚಿದ ಬನಿಯನ್ನು ನನ್ನ ಅಂಗಡಿಯದ್ದು ಎಂದು ಮನಿಲಾದಲ್ಲಿ ಹೇಳಿಕೊಂಡು ತಿರುಗಿದರೆ ನನ್ನ ಮರ್ಯಾದೆ ಏನಾಗಬೇಕು.

೫ ಫೆಬ್ರವರಿ

ಕಾಲು ವಾಸಿ. ಬೀರಲಿಂಗಪ್ಪ ದಿನಾ ಸಂಜೆ ಬಂದು ಕುರಿಗಳಿಗೆ ಕಟ್ಟುವ ಯಾವುದೋ ಸೊಪ್ಪು ಅರೆದು ಹಚ್ಚುತ್ತಿದ್ದ. ಕುರಿಗೆ ಹಚ್ಚುವುದನ್ನು ನನಗೆ ಹಚ್ಚಿದ್ದಾನೆ ಎಂದು ಕಸ್ತೂರಿಗೆ ನಗು. ಹಚ್ಚುವಾಗ ಅವನು ಬಿಳಿಚೋಡಿನ ಬಿಸಿಲಿನ ವಿಷಯ, ಅವ್ವ ಕರಿಬಸಮ್ಮನ ವಿಷಯ ಹೇಳುತ್ತಾನೆ. ಅವಳಿಗೆ ಮಗ ಏನು ಆಡುತ್ತಾನೆಂದು ಗೊತ್ತಿಲ್ಲ, ಬುಟ್ಟಿಗೆ ಚೆಂಡು ಹಾಕಿದರೆ ಯಾರು ಸಂಬಳ ಕೊಡುತ್ತಾರೆ ಎಂದು ಕೇಳುತ್ತಾಳಂತೆ.

ಪ್ರಾಕ್ಟೀಸಿನಲ್ಲಿ ಇವತ್ತೂ ಅವನಿಗೆ ಪಾಸ್ ಕೊಡಲಿಲ್ಲ. ಸೊಪ್ಪು ಬೇರೆ, ಆಟ ಬೇರೆ.

೧೦ ಫೆಬ್ರವರಿ, ಭಾನುವಾರ

ನಿದ್ದೆ ಬರುವುದಿಲ್ಲ, ಬರೆದೇ ಬಿಡುತ್ತೇನೆ.

ಪಂದ್ಯ ಮುರುಗೇಶಪ್ಪನವರ ಮಂಡಿಯ ಹಿಂದಿನ ಸಿಮೆಂಟು ಕಣದಲ್ಲಿ. ಒಣಗಲು ಹಾಕಿದ್ದ ಅಡಿಕೆಯನ್ನೆಲ್ಲ ಬಳಿದು ಮೂಲೆಗೆ ಒಟ್ಟಿದ್ದರು. ಅಡಿಕೆ ಬೇಯಿಸಿದ ಚೊಗರಿನ ಕೆಂಪು ಕಲೆ ಎಷ್ಟು ತಿಕ್ಕಿದರೂ ಹೋಗಿರಲಿಲ್ಲ. ಹೊನ್ನಾಳಿ, ಸಾಸ್ವೆಹಳ್ಳಿ, ಸೂಳೆಕೆರೆ ಕಡೆಯಿಂದೆಲ್ಲ ಜನ ಬಂದು ಗೋಡೆ, ಮರ, ಲಾರಿಯ ಮೇಲೆ ಕೂತಿದ್ದರು.

ಬಸ್ಸು ಬಂದು ನಿಂತಿತು. ತೆಂಗಿನಮರಗಳು ಇಳಿಯುತ್ತವೆ ಎಂದು ಎಲ್ಲರೂ ಕತ್ತೆತ್ತಿದ್ದರು. ಅಮೆರಿಕದಿಂದ ಕರೆಸಿಕೊಂಡ ಒಬ್ಬ ಆಜಾನುಬಾಹುವನ್ನು ಬಿಟ್ಟರೆ ಇಳಿದವರೆಲ್ಲ ನಮ್ಮ ಹಾಗೇ ಇದ್ದರು. ಅದೇ ಮೈಬಣ್ಣ, ಅದೇ ಕಪ್ಪು ಕೂದಲು. "ಇವ್ರು ನಮ್ಮ ಕಡೆಯೋರೇ ಇದ್ದಂಗೆ ಅದಾರಲ್ಲೋ," ಎಂದು ಲಾರಿಯ ಮೇಲಿಂದ ಮಂಡಿಯ ಹಮಾಲಿ ಗಾದ್ರಪ್ಪ ನಿರಾಶೆಯಿಂದ ಹೇಳಿದ. ಅವರ ಕ್ಯಾಪ್ಟನ್ ಸಿರಿಲೊ ನನಗಿಂತ ಗಿಡ್ಡ. ನಮ್ಮವರು ಆಗಲೇ ಅವನನ್ನು ಸಿರಿಯಪ್ಪ ಮಾಡಿಬಿಟ್ಟಿದ್ದರು. ಅವನು ಮೂಲೆಯ ರಾಶಿಯಿಂದ ಒಂದು ಅಡಿಕೆ ಎತ್ತಿ ಮೂಸಿ ನಕ್ಕ. ಅವನ ಅಜ್ಜಿ ಇದನ್ನೇ ಎಲೆ ಸುಣ್ಣದ ಜೊತೆ ಜಗಿಯುತ್ತಿದ್ದಳಂತೆ.

ಕೈಕುಲುಕುವ ಹೊತ್ತಿಗೆ ನಮ್ಮ ಕ್ಯಾಪ್ಟನ್ ಸೊಂಟ ಬಾಗಿಸಬೇಕಾಯಿತು. ಮುರುಗೇಶಪ್ಪನವರ ಫೋಟೋದ ಲೆಕ್ಕ ತಲೆಕೆಳಗು. ನನಗೆ ಹಾಲು ಕುಡಿದಷ್ಟು ಸಂತೋಷ. ಅಲ್ಲಿ ನಿಲ್ಲಬೇಕಾಗಿದ್ದವನು ನಾನು ಎಂದು ಲಾರಿಯ ಮೇಲಿನವರಿಗೂ ಕಂಡಿರಬೇಕು.

ಆ ಸಂತೋಷ ಬಹಳ ಹೊತ್ತು ಉಳಿಯಲಿಲ್ಲ. ಬೆಂಗಳೂರಿನಿಂದ ಬಂದಿದ್ದ ರೆಫರಿ ನನ್ನ ಕೊರಳಿಗೆ ಕೈ ತೋರಿಸಿದ. ಕೊರಳಲ್ಲಿ ಗಟ್ಟಿ ವಸ್ತು ತೂಗಾಡುವ ಹಾಗಿಲ್ಲ, ಬಿಚ್ಚಿಟ್ಟು ಬಾ, ಇಲ್ಲವಾದರೆ ಹೊರಗೆ ಕೂರು ಎಂದ. ಊರ ಪಂದ್ಯಗಳಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಮುರುಗೇಶಪ್ಪನವರು ಕಿವಿಯ ಹತ್ತಿರ ಬಂದು, "ಒಂದು ತಾಸು ಕಸ್ತೂರಮ್ಮನ ಕೈಲಿ..." ಎಂದರು. ಅವರ ಎದೆಯ ಮೇಲೂ ಲಿಂಗವಿದೆ, ಮಾತು ಪೂರ್ತಿ ಮಾಡಲಿಲ್ಲ. ನಾನು ಕೂಸಾಗಿದ್ದಾಗ ಗುರುಗಳು ಕಟ್ಟಿದ್ದು. ಮೈಯಿಂದ ಬೇರೆ ಮಾಡಿದವನಲ್ಲ. ಹೋಗಿ ಬೆಂಚಿನ ಮೇಲೆ ಕೂತೆ.

ಕೂತು ನೋಡಿದೆ. ಸಿರಿಲೊ ಚೆಂಡನ್ನು ನೆಲಕ್ಕೆ ಬಡಿಯುತ್ತಿದ್ದರೆ ಅದು ಅವನ ಕೈಗೆ ದಾರ ಕಟ್ಟಿದಂತೆ ಬರುತ್ತಿತ್ತು. ಎಡಕ್ಕೆ ನೋಡುತ್ತ ಬೆನ್ನ ಹಿಂದಿನಿಂದ ಬಲಕ್ಕೆ ಪಾಸ್ ಕೊಡುತ್ತಿದ್ದ. ಗಿಡ್ಡವನ ಆಟ ಇದು. ಇಷ್ಟು ವರ್ಷ ನಾನು ಆಡಬೇಕೆಂದುಕೊಂಡ ಆಟ. ಈ ಕಡೆ ನಮ್ಮವರಿಗೆ ಚೆಂಡನ್ನು ಮಧ್ಯದ ಗೆರೆ ದಾಟಿಸಲೂ ಆಗುತ್ತಿರಲಿಲ್ಲ. ಬೀರಲಿಂಗಪ್ಪ ರಿಂಗಿನ ಕೆಳಗೆ ಕೈ ಎತ್ತಿಕೊಂಡು ನಿಂತೇ ಇದ್ದ. ಚೆಂಡು ಅವನ ಹತ್ತಿರ ಒಮ್ಮೆಯೂ ಬರಲಿಲ್ಲ. ಜನ ಅವನನ್ನೇ ಕೂಗಿ ಆಡಿಕೊಳ್ಳತೊಡಗಿದರು, "ಏ ಕಂಬ, ತಂತಿ ಹಿಡ್ಕಳೋ." ತಿಂಗಳಿಂದ ನಾನು ಬಯಸಿದ್ದ ನೋಟ ಇದೇ. ಆದರೆ ಬಿಸಿಲು ಕಣ್ಣಿಗೆ ಹೊಡೆಯುತ್ತಿತ್ತು, ಸರಿಯಾಗಿ ನೋಡಲಾಗಲಿಲ್ಲ.

ಅರ್ಧ ಆಟ ಮುಗಿದಾಗ ಸಿರಿಲೊ ನನ್ನ ಪಕ್ಕದಲ್ಲಿ ಬಂದು ಕೂತ. ಕರಡಿಗೆಯನ್ನು ನೋಡಿದ, ನನ್ನ ಮುಖ ನೋಡಿದ. ತನ್ನ ಬನಿಯನ್ನು ಎತ್ತಿ ಎದೆ ತೋರಿಸಿದ. ತಾಯತದ ಹಾಗಿನ ಬಟ್ಟೆಯ ತುಂಡು, ಅದರ ಮೇಲೆ ಮೇರಿಯಮ್ಮನ ಚಿತ್ರ, ಸುತ್ತಲೂ ಬಿಳಿ ಪ್ಲಾಸ್ಟರ್ ಹಚ್ಚಿ ಮೈಗೆ ಅಂಟಿಸಿದ್ದ.

ನನಗೆ ಅರ್ಥವಾಗುವ ಮುಂಚೆ ಬೀರಲಿಂಗಪ್ಪನಿಗೆ ಅರ್ಥವಾಯಿತು. ತನ್ನ ಸೈಕಲ್ಲಿನ ಚೀಲದಿಂದ ತಂತಿಗೆ ಸುತ್ತುವ ಕರಿ ಟೇಪು ತಂದ. ತಂದವನು ಹಾಗೇ ನಲ್ಲಿಯ ಹತ್ತಿರ ಹೋಗಿ ಕೈ ಮೊಣಕೈವರೆಗೆ ತೊಳೆದುಕೊಂಡು ಬಂದ. ನಾನು ಹೇಳಿರಲಿಲ್ಲ.

"ಅಣ್ಣಾರೆ, ನಾ ಮುಟ್ಟಂಗಿಲ್ಲ. ನೀವೇ ತೋಳಿಗೆ ಹಿಡ್ಕಳ್ರಿ. ಮೇಲೆ ಬಟ್ಟೆ ಸುತ್ರಿ. ಬಟ್ಟೆ ಮೇಲೆ ನಾ ಟೇಪ್ ಹಾಕ್ತೀನಿ."

ಲಿಂಗವನ್ನು ವಸ್ತ್ರದ ಸಮೇತ ಕರಡಿಗೆಯಿಂದ ತೆಗೆದು ಎಡತೋಳಿಗೆ ಒತ್ತಿ ಹಿಡಿದೆ. ಬರಿಯ ಕರಡಿಗೆಯನ್ನು ಕಸ್ತೂರಿ ಸೆರಗಿಗೆ ಗಂಟು ಹಾಕಿಕೊಂಡಳು. ಅವನು ಬಗ್ಗಿ, ಉಸಿರು ಬಿಗಿಹಿಡಿದು, ಕರೆಂಟ್ ಇರುವ ತಂತಿಗೆ ಸುತ್ತುವಷ್ಟು ಜಾಗ್ರತೆಯಿಂದ ಸುತ್ತಿದ. "ಬಿಗಿ ಆತೇನ್ರಿ?" ಎಂದು ಎರಡು ಸಲ ಕೇಳಿದ. ತಲೆಯಾಡಿಸಿದೆ. ರೆಫರಿ ಬಂದು ಒತ್ತಿ ನೋಡಿ, ಆಡಬಹುದು ಎಂದ.

ಎಷ್ಟಕ್ಕೆ ಸೋತೆವು ಎಂದು ಬರೆಯುವುದಿಲ್ಲ, ಊರಿಗೇ ಗೊತ್ತಿದೆ. ಒಂದು ಮಾತ್ರ ಬರೆಯುತ್ತೇನೆ. ಕೊನೆಯ ಗಳಿಗೆಯಲ್ಲಿ ಚೆಂಡು ನನ್ನ ಕೈಯಲ್ಲಿತ್ತು, ಎದುರಿಗೆ ಸಿರಿಲೊ. ಬೀರ ಎಲ್ಲಿದ್ದಾನೆಂದು ನಾನು ನೋಡಲಿಲ್ಲ. ನೋಡಬೇಕಾಗಿರಲಿಲ್ಲ. ಒಂದು ತಿಂಗಳು ಅವನಿಗೆ ಪಾಸ್ ಕೊಡಬಾರದೆಂದು ಅವನು ಎಲ್ಲಿ ನಿಲ್ಲುತ್ತಾನೆ ಎಂಬುದನ್ನೇ ನೋಡುತ್ತಿದ್ದವನು ನಾನು. ಎಡಕ್ಕೆ ನೋಡುತ್ತ ಬೆನ್ನ ಹಿಂದಿನಿಂದ ಬಲಕ್ಕೆ ಬಿಟ್ಟೆ. ಜನ ಕೂಗಿದ್ದು ಕೇಳಿ ತಿರುಗಿದರೆ ಚೆಂಡು ಬಲೆಯಿಂದ ಕೆಳಗೆ ಬೀಳುತ್ತಿತ್ತು. ಸಿರಿಲೊ ನನ್ನ ಬೆನ್ನು ತಟ್ಟಿದ.

ಬೇರೆ ದಾರಿಯಿರಲಿಲ್ಲ, ಅದಕ್ಕೇ ಕೊಟ್ಟೆ. ಆಟದಲ್ಲಿ ಇವೆಲ್ಲ ಆಗುತ್ತವೆ.

೧೨ ಫೆಬ್ರವರಿ

ಟೇಪು ಬಿಚ್ಚಿದ ಜಾಗದಲ್ಲಿ ತೋಳಿನ ಕೂದಲೆಲ್ಲ ಹೋಗಿದೆ. ಕಸ್ತೂರಿ ನೋಡಿದಾಗಲೆಲ್ಲ ನಗುತ್ತಾಳೆ.

ಫೋಟೋ ಬಂತು. ಬೀರನ ತಲೆ ಹುಬ್ಬಿನ ಮೇಲಕ್ಕೆ ಕತ್ತರಿಸಿಹೋಗಿದೆ. ಸ್ಟುಡಿಯೋಗೆ ಹೋಗಿ ಜಗಳವಾಡಿ ಬಂದೆ. ಕ್ಯಾಪ್ಟನ್ನಿನ ಹಣೆಯೇ ಇಲ್ಲದ ಫೋಟೋ ಕ್ಲಬ್ಬಿನಲ್ಲಿ ಹಾಕಲು ಬರುತ್ತದೆಯೇ?

೧೬ ಫೆಬ್ರವರಿ, ಶನಿವಾರ

ಸೂರ್ಯಗ್ರಹಣ. ಬಜಾರು ಪೂರ್ತಿ ಬಂದ್. ಹಗಲಿನಲ್ಲೇ ಮಬ್ಬು ಕವಿದು ಕಾಗೆಗಳು ಗೂಡಿಗೆ ಹೋದವು. ಬಿಡುವ ತನಕ ಕಸ್ತೂರಿ ಹೊಸಿಲು ದಾಟಲು ಬಿಡಲಿಲ್ಲ. ಬಿಟ್ಟ ಮೇಲೆ ಸ್ನಾನ ಮಾಡಿ ಹೈಸ್ಕೂಲು ಮೈದಾನಕ್ಕೆ ಹೋದೆ. ಊರಿನಲ್ಲಿ ಒಂದು ನರಪಿಳ್ಳೆ ಇಲ್ಲ. ಬೀರ ಡ್ಯೂಟಿ ಮುಗಿಸಿ ಬಂದು ರಿಂಗಿನ ಕೆಳಗೆ ಕೂತಿದ್ದ. ಇಬ್ಬರೇ ಆಡಿದೆವು, ಕತ್ತಲಾಗುವವರೆಗೆ. ಬೆನ್ನ ಹಿಂದಿನ ಪಾಸ್ ಈಗ ಹತ್ತಕ್ಕೆ ಎಂಟು ಅವನ ಕೈಗೇ ಹೋಗುತ್ತದೆ. ಹೊನ್ನಾಳಿಯ ಟೂರ್ನಮೆಂಟಿಗೆ ಹೆಸರು ಕೊಡಬೇಕು ಎಂದು ಮಾತಾಯಿತು.

೨೧ ಫೆಬ್ರವರಿ

ಬೀರನಿಗೆ ನ್ಯಾಮತಿಗೆ ವರ್ಗ. ಸೋಮವಾರವೇ ಹಾಜರಾಗಬೇಕಂತೆ.

೨೨ ಫೆಬ್ರವರಿ

ಅಂಗಡಿ ತೆಗೆಯದೆ ಮಹೇಶ್ವರಪ್ಪನವರ ಮನೆಗೆ ಹೋದೆ. ಮದುವೆಯ ಚಪ್ಪರ ಹಾಕಿಸುತ್ತಿದ್ದರು.

"ಸಾಹೇಬ್ರೆ, ಬೀರಲಿಂಗಪ್ಪನ ಆರ್ಡರ್ ತಿರುಗಿಸಾಕೆ ಆಗ್ತೈತೇನ್ರಿ?"

ಅವರು ನನ್ನನ್ನೇ ನೋಡಿದರು. "ಅಲ್ರೀ ಪಂಚಾಕ್ಷರಪ್ಪ, ನೀವೇ ಹೇಳಿದ್ರಲ್ರೀ. ನಿಮ್ಮ ಮಾತಿಗೇ ನಾನು ಅವನ ಹೆಸ್ರು ಬರ್ದು ಕಳ್ಸಿದ್ದು. ಮ್ಯಾಲಿಂದ ಆರ್ಡರ್ ಆದ್ಮ್ಯಾಲೆ ಆತು."

"ಅಂವ ಡ್ಯೂಟಿಯಾಗೆ ಭಾಳ ಚಲೋ ಅದಾನ್ರಿ."

"ಅದು ನಂಗೂ ಗೊತ್ತೈತೆ," ಎಂದು ಚಪ್ಪರದ ಗಳ ಹಿಡಿದವರ ಕಡೆ ತಿರುಗಿದರು.

ಮನೆಗೆ ಬಂದು ಮಲಗಿದೆ. ಜ್ವರವೇ ಎಂದು ಕಸ್ತೂರಿ ಹಣೆ ಮುಟ್ಟಿ ನೋಡಿದಳು. ಜ್ವರವಿಲ್ಲ.

೨೪ ಫೆಬ್ರವರಿ, ಭಾನುವಾರ

ಬೀರ ಟ್ರಂಕು ಬಸ್‌ಸ್ಟ್ಯಾಂಡಿನಲ್ಲಿ ಇಟ್ಟು ಹೇಳಿ ಹೋಗಲು ಅಂಗಡಿಗೆ ಬಂದ. ಕಸ್ತೂರಿ ಮನೆಯಿಂದ ರೊಟ್ಟಿ ಬುತ್ತಿ ಕಟ್ಟಿ ತಂದು ಕೊಟ್ಟಳು. "ಯಾರೋ ಸಾಹೇಬ್ರ ಕಿವಿ ಊದ್ಯಾರಂತೆ ಅಣ್ಣಾರೆ. ಹೋಗ್ಲಿ ಬಿಡ್ರಿ, ನಮ್ದು ಎಲ್ಲಿದ್ರೂ ಕಂಬ ಹತ್ತೋ ಕೆಲ್ಸನೇ," ಎಂದ.

ಹೇಳಬೇಕೆಂದು ಬಾಯಿ ತೆರೆದೆ. ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದೆ.

ಹೋಗುವಾಗ ಜೇಬಿನಿಂದ ಕರಿ ಟೇಪಿನ ಸುರುಳಿ ತೆಗೆದು ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟ. "ಹೊನ್ನಾಳಿ ಟೂರ್ನಮೆಂಟಿಗೆ ಬೇಕಾಗ್ತೈತೆ. ಯಾರ ಕೈಲಾದ್ರೂ ಸುತ್ತಿಸ್ಕಳ್ರಿ. ಕೈ ತೊಳ್ಕಳಾಕೆ ಹೇಳ್ರಿ."

೨ ಮಾರ್ಚ್, ಭಾನುವಾರ

ಪ್ರಾಕ್ಟೀಸು. ಮುರುಗೇಶಪ್ಪನವರು ಮತ್ತೆ ನನ್ನನ್ನೇ ಕ್ಯಾಪ್ಟನ್ ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಆಟದ ಮಧ್ಯೆ ಎಡಕ್ಕೆ ನೋಡುತ್ತ ಬೆನ್ನ ಹಿಂದಿನಿಂದ ಬಲಕ್ಕೆ ಪಾಸ್ ಬಿಟ್ಟೆ. ಅಲ್ಲಿ ಯಾರೂ ಇರಲಿಲ್ಲ. ಚೆಂಡು ಬೇಲಿಯಾಚೆ ಹೋಯಿತು. ನಾನೇ ಹೋಗಿ ತಂದೆ.

ಸಂಜೆ ನ್ಯಾಮತಿಯಿಂದ ಬಟ್ಟೆ ಕೊಳ್ಳಲು ಒಬ್ಬರು ಬಂದಿದ್ದರು. ಅವರ ಊರಿನ ತಂಡಕ್ಕೆ ಒಬ್ಬ ಉದ್ದನೆಯ ಲೈನ್‌ಮನ್ ಸಿಕ್ಕಿದ್ದಾನಂತೆ, ಹುಡುಗರೆಲ್ಲ ಅವನ ಹಿಂದೆಯೇ ಅಂತೆ, ಹೊನ್ನಾಳಿಗೆ ಅವರೂ ಬರುತ್ತಾರಂತೆ. ಆ ಹುಡುಗರಿಗೆ ಪಾಸ್ ಕೊಡಲು ಏನು ಬರುತ್ತದೆ? ಅವನು ಎಡಗಾಲು ಮುಂದಿಟ್ಟರೆ ಹಾರುತ್ತಾನೆ, ಬಲಗಾಲು ಮುಂದಿಟ್ಟರೆ ಹಾರುವುದಿಲ್ಲ ಎಂಬುದಾದರೂ ಅವರಿಗೆ ಗೊತ್ತಿದೆಯೇ? ಏನೂ ಗೊತ್ತಿಲ್ಲದೆ, ಸುಮ್ಮನೆ ದಿನಾ ಸಂಜೆ ಅವನ ಜೊತೆ ಆಡುತ್ತಿದ್ದಾರೆ. ಆ ನ್ಯಾಮತಿಯವರನ್ನು ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.